ಆತ್ಮರಕ್ಷಣೆಯ ಪಿಸ್ತೂಲಿಗೆ ಗುಂಡು ಆರಿಸುವುದು, ತುಂಬುವುದು

ನಳಿಕೆಯ ಮೇಲೆ ಕೆತ್ತಿರುವ ಕ್ಯಾಲಿಬರ್ ಮತ್ತು ಕಾರ್ಟ್ರಿಜ್‌ನ (ಕವಚ, ಮದ್ದು, ಗುಂಡು ಸೇರಿದ ತೋಟಾ) ತಳದಲ್ಲಿರುವ ಗುರುತು ಒಂದೇ ಬಗೆಯ ಕಾರ್ಟ್ರಿಜ್ಜನ್ನು ಸೂಚಿಸಬೇಕು. 9x19 ಮತ್ತು 9x17 ಮಿ.ಮೀ. ಕಾರ್ಟ್ರಿಜ್‌ಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ಹೆಚ್ಚು ಒತ್ತಡದ '+ಪಿ' ಗುಂಡುಗಳನ್ನು ತಯಾರಕರ ಕೈಪಿಡಿ ಒಪ್ಪಿದ್ದರೆ ಮಾತ್ರ ಕೊಳ್ಳಬೇಕು.

ಪೂರ್ತಿ ಲೋಹದ ಹೊದಿಕೆಯ ಗುಂಡು ಅಗ್ಗವಾಗಿದ್ದು ಅಭ್ಯಾಸಕ್ಕೆ ಸಾಕು. ಆದರೆ ಅದು ಗುರಿಯನ್ನು ತೂರಿಕೊಂಡು ಹಿಂದಿರುವವರಿಗೂ ತಗಲಬಹುದು. ತುದಿಯಲ್ಲಿ ಕುಳಿಯಿರುವ 'ಹಾಲೋ ಪಾಯಿಂಟ್' ಗುಂಡು ಒಳಹೊಕ್ಕು ಅರಳಿ ವೇಗ ಕಳೆದುಕೊಳ್ಳುವುದರಿಂದ, ಕಾನೂನು ಅನುಮತಿಸುವ ಕಡೆ ಆತ್ಮರಕ್ಷಣೆಗೆ ಅದೇ ಮೇಲು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಮಾಂಸವನ್ನು ಹೋಲುವ ಜೆಲಾಟಿನ್ ಗಟ್ಟಿಗೆ ಗುಂಡು ಹಾರಿಸುವ ಪರೀಕ್ಷೆಯಲ್ಲಿ 12ರಿಂದ 18 ಅಂಗುಲದ ಆಳವನ್ನು ಬಯಸುತ್ತದೆ. ಜಾಹೀರಾತಿನ ಅಬ್ಬರಕ್ಕಿಂತ ಈ ಅಳತೆಯೇ ನಂಬಲರ್ಹ. ಆರಿಸಿದ ಗುಂಡನ್ನು ನಿಮ್ಮದೇ ಪಿಸ್ತೂಲಿನಲ್ಲಿ ಹಾರಿಸಿ, ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ತುಂಬುವಾಗ ನಳಿಕೆ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಗುಂಡಿನ ಮೂತಿಯನ್ನು ಮುಂದಕ್ಕೆ ಮಾಡಿ, ಮ್ಯಾಗಜೀನ್‌ನ (ಗುಂಡು ತುಂಬುವ ಪೆಟ್ಟಿಗೆ) ಒಳಗಿನ ಸ್ಪ್ರಿಂಗ್ ತಟ್ಟೆಯನ್ನು ಅಥವಾ ಮೇಲಿನ ಕಾರ್ಟ್ರಿಜ್ಜನ್ನು ಹೆಬ್ಬೆರಳಿನಿಂದ ಕೆಳಗೊತ್ತಿ, ಹೊಸ ಕಾರ್ಟ್ರಿಜ್ಜನ್ನು ಅದರ ಬಾಯಂಚಿನ ತುಟಿಗಳ ಅಡಿಗೆ ಹಿಂದಕ್ಕೆ ಜಾರಿಸಬೇಕು. ಮ್ಯಾಗಜೀನನ್ನು 'ಕ್ಲಿಕ್' ಎನ್ನುವವರೆಗೆ ಪಿಸ್ತೂಲಿನ ಹಿಡಿಯೊಳಕ್ಕೆ ತಳ್ಳಿ, ಮೇಲೆ ಹಿಂದೆಮುಂದೆ ಚಲಿಸುವ ಭಾಗವಾದ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ತಟ್ಟನೆ ಬಿಡಬೇಕು. ಕೈ ಹಿಡಿದು ನಿಧಾನವಾಗಿ ಮುಂದೆ ಬಿಟ್ಟರೆ ಗುಂಡು ಅರ್ಧದಲ್ಲೇ ನಿಲ್ಲಬಹುದು.

ಹಲವರು ಗಮನಿಸದ ಸಂಗತಿ ಇನ್ನೊಂದಿದೆ. ಒಂದೇ ಕಾರ್ಟ್ರಿಜ್ಜನ್ನು ಪದೇಪದೇ ಚೇಂಬರ್‌ಗೆ (ನಳಿಕೆಯ ಹಿಂಬದಿಯ ಗುಂಡಿನ ಗೂಡು) ಹಾಕಿ ತೆಗೆಯುತ್ತಿದ್ದರೆ ಗುಂಡು ಕವಚದೊಳಕ್ಕೆ ಕುಸಿಯಬಹುದು, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಆಗಾಗ ಹೊಸ ಕಾರ್ಟ್ರಿಜ್‌ನ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸಿ. ಕೂದಲೆಳೆಯಷ್ಟು ಗಿಡ್ಡವಾಗಿ ಕಂಡರೂ ಅದನ್ನು ಬದಿಗಿಡಿ.