ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ: ಮೊದಲ ಮೂರು ತಿಂಗಳಿಗೊಂದು, ಆಮೇಲಕ್ಕೊಂದು

ಮ್ಯೂನಿಕ್‌ಗೆ ಕೆಲಸಕ್ಕೆ ಬರುವವರು ಬೆಂಗಳೂರಿನಲ್ಲಿ ಕೂತೇ ಖಾಯಂ ಮನೆ ಹುಡುಕಲು ಹೊರಟರೆ ತಿಂಗಳುಗಟ್ಟಲೆ ಶ್ರಮ ವ್ಯರ್ಥ. ಇಲ್ಲಿನ ಮಾಲೀಕರು ಸಾಮಾನ್ಯವಾಗಿ ಕೇಳುವುದು ಮೂರು ತಿಂಗಳ ಪೇ ಸ್ಲಿಪ್, ನಮ್ಮ ಸಿಬಿಲ್ ಥರದ ಶೂಫಾ ವರದಿ, ಮತ್ತು ಖುದ್ದಾಗಿ ಬಂದು ಮನೆ ನೋಡುವುದು. ವಿಮಾನ ಇಳಿಯುವ ಮುಂಚೆ ಈ ಮೂರರಲ್ಲಿ ಒಂದೂ ನಮ್ಮ ಕೈಲಿರುವುದಿಲ್ಲ. ಅದಕ್ಕೇ ನಾನು ಹುಡುಕಾಟವನ್ನು ಎರಡು ಮಾಡಿಕೊಂಡೆ: ಮೊದಲ ಮೂರು ತಿಂಗಳಿಗೆ ಮಂಚ, ಒಲೆ ಎಲ್ಲ ಇರುವ ಒಂದು ರೂಮು, ಅಷ್ಟರಲ್ಲಿ ಕಾಗದಪತ್ರ ಕೂಡಿಸಿಕೊಂಡು ಖಾಯಂ ಮನೆ.

ಮೊದಲ ರೂಮಿಗೆ ಬಾಡಿಗೆ ಎಷ್ಟೆಂದು ಕೇಳುವ ಮುಂಚೆ ಕೇಳಬೇಕಾದದ್ದು, ಅಲ್ಲಿ ಅನ್‌ಮೆಲ್ಡುಂಗ್ ಆಗುತ್ತದೆಯೇ ಎಂದು. ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ತಡವಾದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬಹುದು. ಹಣ ಆಮೇಲೆ ವಾಪಸ್ ಬಂದರೂ ಅಡ್ವಾನ್ಸ್ ಕಟ್ಟಬೇಕಾದ ತಿಂಗಳಲ್ಲೇ ಕೈ ಖಾಲಿಯಾಗುತ್ತದೆ. ಅನೇಕ ಬ್ಯಾಂಕುಗಳೂ ನೋಂದಣಿಯ ಕಾಗದ ಕೇಳುತ್ತವೆ. ನೋಂದಣಿಗೆ ಒಪ್ಪದ ಅಗ್ಗದ ರೂಮು ಕೊನೆಗೆ ದುಬಾರಿಯಾಗುವುದು ಹೀಗೆ.

ಒಪ್ಪದಿರುವುದಕ್ಕೂ ಕಾರಣವಿದೆ. ಊರು ಬಿಟ್ಟು ಹೋಗುವವರು ಕೆಲವು ತಿಂಗಳಿಗೆ ತಮ್ಮ ರೂಮನ್ನು ಬೇರೆಯವರಿಗೆ ಕೊಡುವುದು ಇಲ್ಲಿ ಮಾಮೂಲು. ಇದಕ್ಕೆ ತ್ಸ್ವಿಶನ್‌ಮೀಟೆ ಎನ್ನುತ್ತಾರೆ. ಹೀಗೆ ಕೊಡುವ ಬಾಡಿಗೆದಾರರೇ ದೃಢೀಕರಣಕ್ಕೆ ಸಹಿ ಹಾಕಬಹುದು, ಮಾಲೀಕರ ಸಹಿ ಬೇಡ. ಆದರೆ ಮಾಲೀಕರಿಗೆ ತಿಳಿಸದೆ ಕೊಡುತ್ತಿರುವವರು ಸಹಿಗೆ ಹೆದರುತ್ತಾರೆ. ಮಾಲೀಕರ ಒಪ್ಪಿಗೆ ಪತ್ರ ತೋರಿಸಿ ಎಂದು ಕೇಳಿದರೆ ವಿಷಯ ಹೊರಬೀಳುತ್ತದೆ. ತ್ಸ್ವಿಶನ್‌ಮೀಟೆ ರೂಮುಗಳಿಗೆ ವೇಗೇ-ಗೆಸೂಖ್ಟ್ ಜಾಲತಾಣದಲ್ಲಿ ಹುಡುಕಬೇಕು. ಸಂದೇಶ ಜರ್ಮನ್‌ನಲ್ಲೇ ಇರಲಿ, ಚಿಕ್ಕದಾಗಿರಲಿ: ಯಾರು, ಎಲ್ಲಿ ಕೆಲಸ, ಎಂದಿನಿಂದ ಎಂದಿನವರೆಗೆ.

ಮೋಸ ಹೆಚ್ಚಾಗಿ ಒಂದೇ ಥರ ನಡೆಯುತ್ತದೆ. "ನಾನು ವಿದೇಶದಲ್ಲಿದ್ದೇನೆ, ಹಣ ಕಳಿಸಿದರೆ ಬೀಗದಕೈ ಕೊರಿಯರ್ ಮಾಡುತ್ತೇನೆ" ಎಂದವರಿಗೆ ಉತ್ತರವನ್ನೂ ಬರೆಯಬೇಡಿ. ದೂರದಿಂದ ನೋಡುವಾಗ ವಿಡಿಯೊ ಕರೆಯನ್ನು ಬೀದಿಯಿಂದಲೇ ಶುರು ಮಾಡಿಸಿ: ಮನೆ ನಂಬರು, ಕರೆಗಂಟೆಯ ಮೇಲಿನ ಹೆಸರು, ಬೀಗ ತೆಗೆಯುವುದು, ಆಮೇಲೆ ರೂಮು. ಬರೀ ರೂಮನ್ನು ತೋರಿಸುವ ವಿಡಿಯೊ ಯಾವ ಊರಿನದೂ ಆಗಿರಬಹುದು.

ಬಂದಿಳಿದ ದಿನವೇ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಆರೋಗ್ಯ ವಿಮೆಯ ಕಾರ್ಡ್ ಎಲ್ಲ ಬರುವುದು ಅಂಚೆಯಲ್ಲೇ.

ಇನ್ನು ಖಾಯಂ ಮನೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎಷ್ಟೋ ಸಲ ಕಾಲ್ಟ್‌ಮೀಟೆ, ಬರೀ ಗೋಡೆಯ ಬಾಡಿಗೆ. ನೀರು, ಕಸ, ಮೆಟ್ಟಿಲು ಸ್ವಚ್ಛತೆ ಮುಂತಾದ ನೇಬನ್‌ಕೋಸ್ಟನ್ ಮತ್ತು ಮನೆ ಬಿಸಿ ಮಾಡುವ ಖರ್ಚು ಸೇರಿದರೆ ವಾರ್ಮ್‌ಮೀಟೆ. ವಾರ್ಮ್ ಅಂದರೂ ವಿದ್ಯುತ್ತು, ಇಂಟರ್ನೆಟ್ ಸಾಮಾನ್ಯವಾಗಿ ಬೇರೆ. ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವಿದೆ, ಟಿವಿ ಇರಲಿ ಬಿಡಲಿ. ನೇಬನ್‌ಕೋಸ್ಟನ್ ಬರೀ ಮುಂಗಡ ಅಂದಾಜು. ವರ್ಷದ ಲೆಕ್ಕ ಬಂದಾಗ ಹೆಚ್ಚಿಗೆ ಕಟ್ಟಬೇಕಾಗಬಹುದು. ಅದಕ್ಕೆಂದು ಒಂದಿಷ್ಟು ಹಣ ಎತ್ತಿಡಿ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನವರಿಗೆ ನೆಮ್ಮದಿ. ಹತ್ತು ತಿಂಗಳ ಮಾತೇ ಇಲ್ಲ. ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಸಮ ಕಂತುಗಳಲ್ಲಿ ಕಟ್ಟಬಹುದು. 900 ಯೂರೋ ಕಾಲ್ಟ್ ಇದ್ದರೆ ಒಟ್ಟು 2,700. ಬಾಡಿಗೆ ಶುರುವಾಗುವಾಗ ಅಡ್ವಾನ್ಸ್‌ಗೆಂದು ಕೈಯಲ್ಲಿ ಬೇಕಾದದ್ದು 900. ದಲ್ಲಾಳಿಯ ಕಮಿಷನ್ನೂ ನಿಮ್ಮ ತಲೆಗೆ ಬರುವುದಿಲ್ಲ: 2015ರ ಜೂನ್‌ನಿಂದ ದಲ್ಲಾಳಿಯನ್ನು ನೇಮಿಸಿದವರೇ ಕೊಡಬೇಕು.

ಅರ್ಜಿಯ ಕಾಗದಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ: ಕೆಲಸದ ಕರಾರು, ಪೇ ಸ್ಲಿಪ್, ವೀಸಾ ಪ್ರತಿ, ಶೂಫಾ. ಶೂಫಾದಿಂದ ನಮ್ಮ ಮಾಹಿತಿಯ ಪ್ರತಿ ಉಚಿತವಾಗಿ ಸಿಗುತ್ತದೆ, ಆದರೆ ಅದರಲ್ಲಿ ಮಾಲೀಕರಿಗೆ ಬೇಡದ ವಿವರವೂ ಇರುತ್ತದೆ. ಅವರಿಗೆ ಕೊಡಲೆಂದೇ ಇರುವುದು ದುಡ್ಡು ಕೊಟ್ಟು ಪಡೆಯುವ ಪ್ರಮಾಣಪತ್ರ. ಊರೊಳಗೆ ಸಿಗದಿದ್ದರೆ ಎಸ್-ಬಾನ್ ಎಂಬ ಉಪನಗರ ರೈಲಿನ ಹಳಿಯ ಮೇಲಿರುವ ಡಾಖಾವ್, ಫ್ರೈಸಿಂಗ್ ಊರುಗಳನ್ನು ನೋಡಿ. ಸ್ಥಳೀಯ ರೈಲು, ಬಸ್ಸುಗಳ ತಿಂಗಳ ಪಾಸಾದ ಡಾಯ್ಚ್‌ಲಾಂಡ್‌ಟಿಕೆಟ್ ಅಲ್ಲಿಗೂ ನಡೆಯುವುದರಿಂದ ದೂರ ಹೋದರೆ ಖರ್ಚಾಗುವುದು ಸಮಯ ಮಾತ್ರ.

ಮನೆ ನೋಡಲು ಹೋದಾಗ ಅಡುಗೆಮನೆಯೊಳಕ್ಕೆ ಹೋಗಿಯೇ ನೋಡಿ. ಎಷ್ಟೋ ಮನೆಗಳಲ್ಲಿ ಒಲೆಯಿಲ್ಲ, ಸಿಂಕೂ ಇಲ್ಲ, ಗೋಡೆಯಲ್ಲಿ ನೀರಿನ ಕೊಳವೆಯ ತುದಿಯಷ್ಟೇ. ಚಾವಣಿಯಿಂದ ದೀಪವಿಲ್ಲದ ತಂತಿ ಇಳಿಬಿದ್ದಿರುತ್ತದೆ. ಹಿಂದಿನವರು ತಮ್ಮ ಅಡುಗೆಮನೆ ಮಾರುತ್ತಿದ್ದರೆ ಚೌಕಾಶಿ ಮಾಡಿ ಕೊಳ್ಳುವುದೇ ಲೇಸು, ಹೊಸದನ್ನು ಕೂಡಿಸಲು ವಾರಗಳೇ ಬೇಕು.

ಸಹಿಗೆ ಮುಂಚೆ ಕರಾರಿನಲ್ಲಿ ಕನಿಷ್ಠ ಎಷ್ಟು ಕಾಲ ಇರಬೇಕೆಂಬ ಷರತ್ತಿದೆಯೇ ಹುಡುಕಿ. ಇಲ್ಲದಿದ್ದರೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್, ಅದೂ ಸಹಿ ಮಾಡಿದ ಕಾಗದದಲ್ಲಿ, ಇಮೇಲ್ ನಡೆಯದು. ಪತ್ರ ತಿಂಗಳ 3ನೇ ಕೆಲಸದ ದಿನದೊಳಗೆ ತಲುಪದಿದ್ದರೆ ಇನ್ನೊಂದು ತಿಂಗಳ ಬಾಡಿಗೆ ಬೀಳುತ್ತದೆ. ಬೀಗದಕೈ ತೆಗೆದುಕೊಳ್ಳುವ ದಿನ ಮೀಟರುಗಳ ಅಂಕಿ, ಬೀಗದಕೈಗಳ ಸಂಖ್ಯೆ, ನೆಲದ ಗೀರು, ಸ್ನಾನದ ಮನೆಯ ಬೂಷ್ಟು ಎಲ್ಲವನ್ನೂ ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಏನಾದರೂ ಮುರಿದುಕೊಂಡರೆ ನಿಮ್ಮ ಪರವಾಗಿ ತೋರಿಸಲು ಇರುವುದು ಆ ಪಟ್ಟಿ.