ವಿಮ್‌ನಲ್ಲಿ ನಾನು ಬರೆಯದ 78

ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಅಕ್ಷರ ಜೋಡಣೆಯ ಕೆಲಸ ಮಾಡುತ್ತೇನೆ. ಬೆರಳಚ್ಚು ಮತ್ತು ಕರಡು ತಿದ್ದುವುದು ನನ್ನ ಪಾಲು. ಪುಟವಿನ್ಯಾಸ ಮತ್ತು ಮುದ್ರಣ ಶಿವಮೊಗ್ಗದಲ್ಲಿ ನಡೆಯುತ್ತವೆ. ಪುಟ ಕಟ್ಟುವವರಿಗೆ ನಾನು ಕಳುಹಿಸುವ ಪಠ್ಯದಲ್ಲಿ ಒಂದು ಪ್ಯಾರಾ ಎಂದರೆ ಒಂದೇ ಸಾಲು, ಅದು ಎಷ್ಟೇ ಉದ್ದವಾಗಿರಲಿ, ಎಂಬುದು ನಮ್ಮ ನಡುವಿನ ಹಳೆಯ ಒಪ್ಪಂದ. ಈ ಕೆಲಸಕ್ಕೆ ನಾನು ಬಳಸುವುದು ವಿಮ್ ಎಂಬ ಪಠ್ಯ ಸಂಪಾದಕ. ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ಹೊರತಂದ ಈ ತಂತ್ರಾಂಶ ಬರೆಯುವುದಕ್ಕಿಂತ ತಿದ್ದುವುದಕ್ಕೆ ಹೇಳಿ ಮಾಡಿಸಿದಂತಿದೆ. ಆಜ್ಞೆ ಕೊಡುವಾಗಲೆಲ್ಲ ಕೀಲಿಮಣೆಯನ್ನು ಕನ್ನಡದಿಂದ ಇಂಗ್ಲಿಷಿಗೆ ಬದಲಿಸಬೇಕಾದ ಕಿರಿಕಿರಿಯೊಂದನ್ನು ಬಿಟ್ಟರೆ ನನಗೆ ಅದರ ಮೇಲೆ ದೂರಿಲ್ಲ.

ಕಳೆದ ಮಳೆಗಾಲದಲ್ಲಿ ಹೊಸ ಗಣಕಯಂತ್ರ ತಂದು, ವಿಂಡೋಸ್‌ನಲ್ಲಿ ವಿಮ್ ಅನ್ನು ಹೊಸದಾಗಿ ಸ್ಥಾಪಿಸಿಕೊಂಡೆ. ನಿವೃತ್ತ ಮೇಷ್ಟ್ರೊಬ್ಬರ ನೆನಪುಗಳ ಪುಸ್ತಕ ಆಗ ಕೈಯಲ್ಲಿತ್ತು. ತಿದ್ದಿದ ಮೂರು ಅಧ್ಯಾಯಗಳನ್ನು ಕಳುಹಿಸಿದ ಮಾರನೆಯ ದಿನ ಶಿವಮೊಗ್ಗದಿಂದ ಫೋನು ಬಂತು. "ಏನ್ರೀ, ಮೇಷ್ಟ್ರು ಗದ್ಯ ಬರೆದಿದ್ದರೋ ಪದ್ಯ ಬರೆದಿದ್ದರೋ? ಸಾಲು ಸಾಲಿಗೂ ಮುರಿದು ಬಂದಿದೆಯಲ್ಲ!"

ಕಡತ ತೆರೆದು ನೋಡಿದೆ. ಅಡಿಕೆ ಗೊನೆಗೆ ಕೊಳೆ ತಗಲದಂತೆ ಕೊಟ್ಟೆ ಕಟ್ಟುವ ವಿವರ ಬರುವ ಪ್ಯಾರಾದಲ್ಲಿ "ಕೊಟ್ಟೆ" ಒಂದು ಸಾಲಿನ ಕೊನೆಗೆ ನಿಂತಿತ್ತು, "ಕಟ್ಟುವವರು" ಮುಂದಿನ ಸಾಲಿಗೆ ಇಳಿದಿತ್ತು. ವಿಚಿತ್ರವೆಂದರೆ ಎಲ್ಲ ಪ್ಯಾರಾಗಳೂ ಹೀಗಾಗಿರಲಿಲ್ಲ. ನಾನು ಮುಟ್ಟದೆ ಬಿಟ್ಟ ಪ್ಯಾರಾಗಳು ಇದ್ದಂತೆಯೇ ಇದ್ದವು. ಎಲ್ಲೋ ನಡುವೆ ಒಂದು ಕಾಗುಣಿತ ತಿದ್ದಿದ ಪ್ಯಾರಾಗಳಲ್ಲಿ ಮೊದಲಿನಿಂದ ತಿದ್ದಿದ ಜಾಗದವರೆಗೆ ತುಂಡು ಸಾಲುಗಳಿದ್ದವು. ಅಲ್ಲಿಂದ ಮುಂದಕ್ಕೆ ಮತ್ತೆ ಉದ್ದನೆಯ ಒಂದೇ ಸಾಲು. ತುಂಡುಗಳ ಉದ್ದವೂ ಕಣ್ಣಿಗೆ ಒಂದೇ ಸಮ ಇರಲಿಲ್ಲವಾದ್ದರಿಂದ ಕನ್ನಡ ಕೀಲಿಮಣೆಯ ತಂತ್ರಾಂಶವೇ ನಡುನಡುವೆ ಎಂಟರ್ ಒತ್ತುತ್ತಿದೆಯೆಂದು ಅನುಮಾನಿಸಿ ಒಂದಿಡೀ ಸಂಜೆಯನ್ನು ಅದರ ಹಿಂದೆ ಕಳೆದೆ. ಆ ಅನುಮಾನ ತಪ್ಪಾಗಿತ್ತು. ವಿಮ್ ಅಳೆಯುವುದು ಅಂಕಣಗಳನ್ನು, ಅಂದರೆ ಪರದೆಯ ಮೇಲೆ ಅಕ್ಷರಗಳು ಕೂರುವ ಮನೆಗಳನ್ನು. ಕಾಗುಣಿತದ ಗುರುತುಗಳು ಮೂಲಾಕ್ಷರದೊಳಗೇ ಸೇರಿಕೊಳ್ಳುತ್ತವೆ. ಆದರೆ "ಟ್ಟೆ"ಯಂಥ ಒತ್ತಕ್ಷರದಲ್ಲಿ ಎರಡು ವ್ಯಂಜನಗಳಿರುವುದರಿಂದ ಅದು ಎರಡು ಅಂಕಣಗಳ ಲೆಕ್ಕಕ್ಕೆ ಬರುತ್ತದೆ. ಒತ್ತಕ್ಷರ ಹೆಚ್ಚಿದ್ದ ಸಾಲು ನಮ್ಮ ಕಣ್ಣಿಗೆ ಗಿಡ್ಡವಾಗಿ ಕಾಣುತ್ತದೆ, ಅಷ್ಟೆ.

ಅಂಕಣದ ಲೆಕ್ಕವೆಂದ ಮೇಲೆ ನೋಡಬೇಕಾದದ್ದು 'ಟೆಕ್ಸ್ಟ್‌ವಿಡ್ತ್' ಎಂಬ ಆಯ್ಕೆಯನ್ನು. ಸಾಲು ಎಷ್ಟು ಅಂಕಣ ದಾಟಿದರೆ ಮುರಿಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಸೊನ್ನೆ ಇಟ್ಟರೆ ಮುರಿಯುವುದೇ ಇಲ್ಲ. ನನ್ನ ವಿಮ್‌ಆರ್‌ಸಿ, ಅಂದರೆ ವಿಮ್ ಶುರುವಾಗುವಾಗ ಓದುವ ಸಂಯೋಜನಾ ಕಡತದ ಕಟ್ಟಕಡೆಯಲ್ಲಿ ಸೊನ್ನೆ ಎಂದು ನಾನೇ ಬರೆದಿದ್ದೆ. ವಿಮ್ ಅನ್ನು ಖಾಲಿ ತೆರೆದು ಆ ಆಯ್ಕೆಯ ಬೆಲೆ ಎಷ್ಟಿದೆ ಎಂದು ಕೇಳಿದರೆ ಸೊನ್ನೆ ಎಂದಿತು. ಮೇಷ್ಟ್ರ ಕಡತ ತೆರೆದು ಕೇಳಿದರೆ 78 ಎಂದಿತು. ಆ ಸಂಖ್ಯೆಯನ್ನು ನಾನು ಎಲ್ಲಿಯೂ ಬರೆದಿರಲಿಲ್ಲ.

ಕಡತದೊಳಗೇ ಇಂಥ ಆಯ್ಕೆಗಳನ್ನು ಬರೆದಿಡುವ 'ಮೋಡ್‌ಲೈನ್' ಎಂಬ ವ್ಯವಸ್ಥೆಯೂ ಇದೆಯಾದ್ದರಿಂದ ಮೊದಲ ಐದು ಮತ್ತು ಕೊನೆಯ ಐದು ಸಾಲುಗಳನ್ನು ನೋಡಿದೆ. ವಿಮ್ ಸಾಮಾನ್ಯವಾಗಿ ಹುಡುಕುವುದು ಅಲ್ಲಿ ಮಾತ್ರ. ಏನೂ ಇರಲಿಲ್ಲ. ಬಳಿಕ ಎರಡು ಅಡ್ಡಗೆರೆ ಹಾಕಿ 'ಕ್ಲೀನ್' ಎಂಬ ಸೂಚನೆಯೊಂದಿಗೆ, ನನ್ನ ಸಂಯೋಜನೆ ಯಾವುದನ್ನೂ ಓದದಂತೆ ವಿಮ್ ಅನ್ನು ಶುರುಮಾಡಿ ಅದೇ ಕಡತ ತೆರೆದಾಗ 78 ಮಾಯವಾಗಿತ್ತು. ಅಂದರೆ ತಪ್ಪು ವಿಮ್‌ನದಲ್ಲ, ನನ್ನ ಸಂಯೋಜನಾ ಕಡತದ ಮೂಲಕವೇ ಬಂದದ್ದು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕಿತ್ತು. ಕೀಲಿಮಣೆಯನ್ನು ಬೈಯುವ ಮೊದಲೇ ಮಾಡಬೇಕಾಗಿತ್ತು.

ಗಂಟು ಬಿಚ್ಚಿದ್ದು 'ವರ್ಬೋಸ್' ಎಂಬ ಪದ. ಆಯ್ಕೆಯ ಬೆಲೆ ಕೇಳುವ ಆಜ್ಞೆಯ ಮುಂದೆ ಈ ಪದವನ್ನು ಸೇರಿಸಿ "ವರ್ಬೋಸ್ ಸೆಟ್ ಟೆಕ್ಸ್ಟ್‌ವಿಡ್ತ್" ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಬೆಲೆಯ ಜೊತೆಗೆ ಅದನ್ನು ಕೊನೆಯದಾಗಿ ಇಟ್ಟ ಕಡತ ಯಾವುದು, ಎಷ್ಟನೆಯ ಸಾಲು ಎಂಬುದನ್ನೂ ವಿಮ್ ಹೇಳುತ್ತದೆ. ಅದು ತೋರಿಸಿದ್ದು ವಿಮ್‌ನ ಜೊತೆಗೇ ಬರುವ 'ವಿಮ್‌ಆರ್‌ಸಿ ಎಕ್ಸಾಂಪಲ್' ಎಂಬ ಮಾದರಿ ಕಡತವನ್ನು. ವಿಂಡೋಸ್‌ನಲ್ಲಿ ಸ್ಥಾಪಿಸುವಾಗ ತಾನಾಗಿ ಸಿದ್ಧವಾಗುವ ವಿಮ್‌ಆರ್‌ಸಿ ಈ ಮಾದರಿಯನ್ನು ಎಳೆದುಕೊಳ್ಳುತ್ತದೆ. ನಾನು ಆ ವಿಮ್‌ಆರ್‌ಸಿಯನ್ನೇ ನನ್ನ ಫೋಲ್ಡರಿಗೆ ನಕಲು ಮಾಡಿ, ಕೆಳಗೆ ನನ್ನ ಸಾಲುಗಳನ್ನು ಸೇರಿಸಿಕೊಂಡಿದ್ದೆ.

ಹಾಗಿದ್ದರೂ ಕೆಳಗಿನ ಸಾಲು ನನ್ನದು. ಕೊನೆಗೆ ಬರೆದದ್ದೇ ಉಳಿಯಬೇಕಲ್ಲವೇ ಎಂಬುದು ನನ್ನ ವಾದವಾಗಿತ್ತು. ಆದರೆ ನನ್ನ ಸಾಲು ಸಂಯೋಜನಾ ಕಡತ ಓದುವ ಕ್ಷಣದಲ್ಲೇ ನಡೆದು ಮುಗಿಯುತ್ತದೆ. ಮಾದರಿಯಲ್ಲಿರುವುದು ಬೆಲೆ ಇಡುವ ಸಾಲಲ್ಲ, 'ಆಟೋಕಮಾಂಡ್': ಮುಂದೆ ಯಾವಾಗಲಾದರೂ ಸಾದಾ ಪಠ್ಯದ ಕಡತ ತೆರೆದರೆ ಆ ಕಡತಕ್ಕೆ ಮಾತ್ರ 78 ಇಡು ಎಂದು ಮೊದಲೇ ಕೊಟ್ಟಿಟ್ಟ ಸುಪಾರಿ. ವಿಮ್ ಮೊದಲು ಸಂಯೋಜನೆಯನ್ನು, ಆಮೇಲೆ ಪ್ಲಗಿನ್‌ಗಳೆಂಬ ಹೆಚ್ಚುವರಿ ತುಣುಕುಗಳನ್ನು ಓದಿ, ಅದಾದ ನಂತರವೇ ನಾವು ಕೊಟ್ಟ ಕಡತವನ್ನು ತೆರೆದು ಅದರ ಬಗೆಯನ್ನು ಗುರುತಿಸುತ್ತದೆ. ಹೀಗಾಗಿ ಮೇಲೆ ಬರೆದ ಸಾಲು ಕೆಳಗಿನ ಸಾಲಿಗಿಂತ ಎಷ್ಟೋ ತಡವಾಗಿ ಜಾರಿಗೆ ಬರುತ್ತದೆ. ಖಾಲಿ ತೆರೆದಾಗ ಸೊನ್ನೆ ಕಂಡದ್ದೂ ಇದೇ ಕಾರಣಕ್ಕೆ.

ಪರಿಹಾರ ಮೂರು ಬಗೆಯಲ್ಲಿ ಸಾಧ್ಯವಿತ್ತು. ಮಾದರಿಯ ಆಟೋಕಮಾಂಡ್‌ಗಳ ಗುಂಪನ್ನು ಅದನ್ನು ಎಳೆದುಕೊಂಡ ಮೇಲೆ ಅಳಿಸಬಹುದಿತ್ತು. ಅಥವಾ ಸೊನ್ನೆ ಇಡುವ ನನ್ನದೇ ಆಟೋಕಮಾಂಡ್ ಅನ್ನು ಅದರ ನಂತರ ಬರೆಯಬಹುದಿತ್ತು, ಏಕೆಂದರೆ ಒಂದೇ ಸಂದರ್ಭಕ್ಕೆ ಕಾದಿರುವವು ಬರೆದ ಕ್ರಮದಲ್ಲೇ ನಡೆಯುತ್ತವೆ. ನಾನು ಮಾದರಿಯನ್ನು ಪೂರ್ತಿ ಕೈಬಿಟ್ಟು, ಅದರ ಜಾಗದಲ್ಲಿ ವಿಮ್‌ನ ಸಾಮಾನ್ಯ ಆಯ್ಕೆಗಳಿರುವ 'ಡಿಫಾಲ್ಟ್ಸ್' ಎಂಬ ಇನ್ನೊಂದು ಕಡತವನ್ನು ಮಾತ್ರ ಎಳೆದುಕೊಂಡೆ. ನಮ್ಮದೊಂದು ವಿಮ್‌ಆರ್‌ಸಿ ಇದ್ದಾಗ ಇದು ತಾನಾಗಿ ಬರುವುದಿಲ್ಲ, ನಾವೇ ಕರೆಯಬೇಕು. ಮುರಿದ ಪ್ಯಾರಾಗಳನ್ನು ಆಯ್ದುಕೊಂಡು 'ಜೆ' ಒತ್ತಿ ಕೂಡಿಸಿದೆ. ಎಲ್ಲವನ್ನೂ ಒಟ್ಟಿಗೆ ಕೂಡಿಸುವ ಆಜ್ಞೆಯೂ ಇದೆ. ಆದರೆ ಮೇಷ್ಟ್ರು ಅಲ್ಲಲ್ಲಿ ಮದುವೆಯ ಹಾಡುಗಳನ್ನು ಬರೆದಿದ್ದರಿಂದ ಅವೂ ಗದ್ಯವಾಗಿಬಿಡುವ ಭಯವಿತ್ತು.

ಒಂದು ವಾರದ ಬಳಿಕ ಮಾದರಿಯ ಇನ್ನೊಂದು ಮುಖ ಕಂಡಿತು. ಹಿಂದಿನ ದಿನ ಅಳಿಸಿದ ಪ್ಯಾರಾ ಬೇಕಾಗಿ ಬೆಳಿಗ್ಗೆ ಕಡತ ತೆರೆದು ರದ್ದತಿಯ ಕೀಲಿ ಒತ್ತಿದರೆ ಹಿಂದಕ್ಕೆ ಹೋಗಲೇ ಇಲ್ಲ. ಕಡತ ಮುಚ್ಚಿ ತೆರೆದರೂ ಹಳೆಯ ತಿದ್ದುಪಡಿಗಳನ್ನು ರದ್ದು ಮಾಡುವ ಅನುಕೂಲ ವಿಮ್‌ಗೆ 2010ರ 7.3ನೆಯ ಆವೃತ್ತಿಯಲ್ಲೇ ಬಂದಿತ್ತು. ಅದನ್ನೂ, ಹಳೆಯ ಪ್ರತಿ ಉಳಿಸುವ 'ಬ್ಯಾಕಪ್' ಆಯ್ಕೆಯನ್ನೂ ನನಗೆ ಚಾಲೂ ಮಾಡಿಕೊಟ್ಟಿದ್ದದ್ದು ಅದೇ ಮಾದರಿ. ಫೋಲ್ಡರಿನ ತುಂಬ ಹೆಸರಿನ ಕೊನೆಗೆ ಬಾಲಚಿಹ್ನೆ (~) ಇರುವ ಇವುಗಳ ಕಡತಗಳನ್ನು ಕಂಡು ಗೊಣಗುತ್ತಿದ್ದವನು ನಾನೇ. ಆ ಪ್ಯಾರಾವನ್ನು ಮೇಷ್ಟ್ರ ಕೈಬರಹ ನೋಡಿ ಮತ್ತೆ ಬೆರಳಚ್ಚು ಮಾಡಿದೆ. ಆಮೇಲೆ ಮಾದರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಆ ಎರಡು ಆಯ್ಕೆಗಳನ್ನು ನನ್ನ ವಿಮ್‌ಆರ್‌ಸಿಗೆ ಬರೆದುಕೊಂಡು, ಅವುಗಳ ಕಡತಗಳು ಬೇರೊಂದು ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿದೆ.