ತೈವಾನಿನ ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ‘ನಾವು’ ಅಂದರೆ ಯಾರು?

ಇಂಗ್ಲಿಷ್ ಸಬ್‌ಟೈಟಲ್ ಫೈಲನ್ನು ಮುಂದಿಟ್ಟುಕೊಂಡು ಸಾಲಿಗೆ ಸಾಲು ಇಳಿಸುತ್ತ ಹೋದರೆ ಕೆಲಸ ಬೇಗ ಮುಗಿಯುತ್ತದೆ, ಚಿತ್ರವೂ ಅಲ್ಲಿಗೆ ಮುಗಿಯುತ್ತದೆ. ಪರದೆಯ ಮೇಲಿನ ಅಜ್ಜಿ ಆಡುವುದು ತೈವಾನಿ, ಅಂದರೆ ಹೊಕ್ಕಿಯೆನ್ ನುಡಿ. ಕೆಳಗೆ ಓಡುವ ಚೀನೀ ಲಿಪಿಯ ಸಾಲು ಮ್ಯಾಂಡರಿನ್ನಿಗೆ, ಅಂದರೆ ಅಧಿಕೃತ ಚೀನೀ ನುಡಿಗೆ, ಮಾಡಿದ ಅನುವಾದ. ಇಂಗ್ಲಿಷ್ ಸಾಲು ಆ ಅನುವಾದದ ಅನುವಾದ. ನಮ್ಮ ಕೈಗೆ ಸಿಗುವ ಹೊತ್ತಿಗೆ ಮಾತು ಎರಡು ಸಲ ಸೋಸಿ ಹೋಗಿರುತ್ತದೆ.

ತೈವಾನಿನಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅನ್ನುವುದೇ ಅರ್ಧ ಇತಿಹಾಸ. 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆ, ಆಮೇಲೆ ಚೀನಾ ಮುಖ್ಯಭೂಮಿಯಿಂದ ಬಂದ ಕುವೊಮಿನ್‌ತಾಂಗ್ ಪಕ್ಷದ ಸರಕಾರ, 1949ರ ಮೇಯಿಂದ 1987ರ ಜುಲೈವರೆಗೆ ಮಾರ್ಷಲ್ ಲಾ. ಹಾಗಾಗಿ ತೊಂಬತ್ತರ ಅಜ್ಜನೊಬ್ಬ ಶಾಲೆಯ ಹಾಡನ್ನು ಜಪಾನಿಯಲ್ಲಿ ಹಾಡಿ, ಹೆಂಡತಿಯನ್ನು ತೈವಾನಿಯಲ್ಲಿ ಕರೆದು, ಮೊಮ್ಮಗನ ಜೊತೆ ಮುರುಕು ಮ್ಯಾಂಡರಿನ್ ಆಡುವುದು ಅಲ್ಲಿನ ಚಿತ್ರಗಳಲ್ಲಿ ಮಾಮೂಲು. ಇದಿಷ್ಟನ್ನೂ ಒಂದೇ ಬಿಳಿ ಅಕ್ಷರದ ಕನ್ನಡದಲ್ಲಿ ಹಾಕಿದರೆ ಪ್ರೇಕ್ಷಕನಿಗೆ ಮೂರು ಭಾಷೆಯೂ ಒಂದೇ.

ಆದ್ದರಿಂದ ಕೆಲಸಕ್ಕೆ ಕೂರುವ ಮೊದಲು ನಿರ್ಮಾಪಕರಿಂದ ನಾಲ್ಕು ಸಾಮಾನು ಕೇಳಿ ತರಿಸಿಕೊಳ್ಳುತ್ತೇನೆ: ಸಬ್‌ಟೈಟಲ್ ಇಲ್ಲದ ಶುದ್ಧ ವೀಡಿಯೊ, ಚೀನೀ ಫೈಲು, ಇಂಗ್ಲಿಷ್ ಫೈಲು, ಮತ್ತು ಮಾತಾಡುವವರ ಹೆಸರುಗಳನ್ನು ಅವರವರೇ ಹೇಳಿಕೊಳ್ಳುವ ರೀತಿಯಲ್ಲಿ ಬರೆದ ಪಟ್ಟಿ. ಮೊದಲನೆಯದೇ ಸಿಗುವುದು ಕಷ್ಟ. ಅಲ್ಲಿ ಚೀನೀ ಸಬ್‌ಟೈಟಲ್ಲನ್ನು ಚಿತ್ರಕ್ಕೇ ಸುಟ್ಟು, ಅಂದರೆ ಬೇರ್ಪಡಿಸಲಾಗದಂತೆ ಅಚ್ಚೊತ್ತಿ, ಕಳಿಸುವುದು ರೂಢಿ. ಹಾಗೆ ಬಂದರೆ ಕನ್ನಡವನ್ನು ಆ ಸಾಲಿಗಿಂತ ಮೇಲ್ಗಡೆ ಕೂರಿಸಬೇಕು. ಕಪ್ಪು ಪಟ್ಟಿ ಹಾಕಿ ಮುಚ್ಚಬಾರದು, ಮುಖದ ಕೆಳಭಾಗವೂ ಹೋಗುತ್ತದೆ.

ಮೊದಲ ಸುತ್ತಿನಲ್ಲಿ ಒಂದು ಪದವನ್ನೂ ಅನುವಾದಿಸುವುದಿಲ್ಲ. ಇಡೀ ಚಿತ್ರ ಕೇಳುತ್ತ ಭಾಷೆ ಬದಲಾಗುವ ಜಾಗಗಳನ್ನು ಗುರುತು ಹಾಕುತ್ತೇನೆ. ತೈವಾನಿ ಬಲ್ಲವರೊಬ್ಬರು ಪಕ್ಕದಲ್ಲಿ ಇರಲೇಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಬದಲಾವಣೆಯನ್ನು ತೋರಿಸಲು ಬಣ್ಣ ಬಳಸಿ ನೋಡಿದ್ದಾಯಿತು. ಮೂರು ಬಣ್ಣ ದಾಟಿದರೆ ಯಾವುದು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಓರೆ ಅಕ್ಷರ ಕನ್ನಡಕ್ಕೆ ಆಗಿಬರುವುದಿಲ್ಲ. ಬಹುಪಾಲು ಫಾಂಟುಗಳಲ್ಲಿ ನಿಜವಾದ ಓರೆ ರೂಪವಿಲ್ಲ, ತಂತ್ರಾಂಶ ಬಲವಂತವಾಗಿ ವಾಲಿಸಿದಾಗ ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಡಿಕ್ಕಿ ಹೊಡೆಯುತ್ತದೆ. ಕೊನೆಗೆ ಉಳಿದದ್ದು ಭಾಷೆ ಬದಲಾದ ಸಾಲಿನ ಆರಂಭದಲ್ಲಿ ಮಾತ್ರ ಚೌಕ ಆವರಣದಲ್ಲಿ [ಜಪಾನಿ], [ಹಕ್ಕಾ], [ಅಮಿಸ್] ಎಂದು ಹಾಕುವುದು. ಮುಂದಿನ ಬದಲಾವಣೆಯವರೆಗೆ ಮತ್ತೆ ಹಾಕುವುದಿಲ್ಲ.

ಎರಡನೇ ಸುತ್ತು ಬರೀ ‘ನಾವು’ಗಾಗಿ. ತೈವಾನಿಯಲ್ಲಿ ‘ನಾವು’ ಎರಡು. ‘ಲಾನ್’ ಅಂದರೆ ಕೇಳುವವರನ್ನೂ ಸೇರಿಸಿಕೊಂಡ ನಾವು. ‘ಗುನ್’ ಅಥವಾ ‘ಗ್ವಾನ್’ ಅಂದರೆ ನಿಮ್ಮನ್ನು ಬಿಟ್ಟು ನಾವು. ತುಳುವಿನ ‘ನಮ’ ಮತ್ತು ‘ಎಂಕುಲು’, ತೆಲುಗಿನ ‘ಮನಂ’ ಮತ್ತು ‘ಮೇಮು’ ಬಲ್ಲವರಿಗೆ ಇದು ತಕ್ಷಣ ತಲೆಗೆ ಹೋಗುತ್ತದೆ. ಕನ್ನಡದಲ್ಲಿ ಈ ಭೇದ ಉಳಿದಿಲ್ಲ, ತೈವಾನಿನ ಮ್ಯಾಂಡರಿನ್ನಿನಲ್ಲೂ ಇಲ್ಲ, ಇಂಗ್ಲಿಷಿನಲ್ಲಿ ಮೊದಲೇ ಇಲ್ಲ. ಅಂದರೆ ಕೈಯಲ್ಲಿರುವ ಎರಡು ಫೈಲುಗಳನ್ನೂ ಎಷ್ಟು ತಿರುವಿ ನೋಡಿದರೂ ಇದು ಸಿಗದು. ಕಿವಿಗೆ ಮಾತ್ರ ಸಿಗುತ್ತದೆ. ಅಸ್ಮಿತೆಯ ಬಗೆಗಿನ ಚಿತ್ರದಲ್ಲಿ ಒಬ್ಬ ಮುದುಕ ಕ್ಯಾಮೆರಾದ ಹಿಂದಿರುವ ನಿರ್ದೇಶಕಿಗೆ ‘ಲಾನ್ ತೈವಾನಿನವರು’ ಎಂದರೆ ಅವಳನ್ನು ಒಳಗೆ ಕರೆದುಕೊಂಡ ಹಾಗೆ. ‘ಗ್ವಾನ್’ ಎಂದರೆ ಬಾಗಿಲಲ್ಲೇ ನಿಲ್ಲಿಸಿದ ಹಾಗೆ.

ಕನ್ನಡದಲ್ಲಿ ಇದಕ್ಕೆ ದಾರಿಗಳಿವೆ. ‘ಲಾನ್’ ಬಂದಲ್ಲಿ ‘ನಾವೆಲ್ಲ’, ‘ನಾವೂ ನೀವೂ’. ಕ್ರಿಯಾಪದ ಮುಂದಕ್ಕೆ ನೋಡುತ್ತಿದ್ದರೆ ‘-ಓಣ’ ಅತ್ಯುತ್ತಮ. ‘ಹೋಗೋಣ’ ಅನ್ನುವುದರಲ್ಲಿ ಕೇಳುವವರು ತಾನಾಗಿ ಸೇರಿರುತ್ತಾರೆ, ಒಂದು ಅಕ್ಷರವೂ ಹೆಚ್ಚು ಬೇಡ. ‘ಗ್ವಾನ್’ ಬಂದಲ್ಲಿ ‘ನಾವಂತೂ’, ‘ನಮ್ಮ ಕಡೆಯವರು’. ಇನ್ನೊಂದು ಸೊಗಸು: ತೈವಾನಿಯಲ್ಲಿ ‘ನನ್ನ ತಾಯಿ’ ಅನ್ನಲು ‘ಗುನ್’ ಬಳಸಿ ‘ನಮ್ಮ ತಾಯಿ’ ಅನ್ನುತ್ತಾರೆ. ನಮ್ಮಲ್ಲೂ ಒಬ್ಬನೇ ಮಗ ‘ನಮ್ಮಮ್ಮ’ ಅನ್ನುವುದಿಲ್ಲವೇ, ಹಾಗೇ. ಇಂಗ್ಲಿಷ್ ನೋಡಿ ‘ನನ್ನ ತಾಯಿ’ ಎಂದು ಬರೆದರೆ ಎರಡೂ ಭಾಷೆಗೆ ದ್ರೋಹ.

ನೆಂಟಸ್ತಿಕೆಯಲ್ಲೂ ಇದೇ ಕಥೆ. ಇಂಗ್ಲಿಷಿನ ಒಂದು ‘ಅಂಕಲ್’ ಹಿಂದೆ ತೈವಾನಿಯ ‘ಆ-ಪೆ’ (ದೊಡ್ಡಪ್ಪ), ‘ಆ-ಚಿಕ್’ (ಚಿಕ್ಕಪ್ಪ), ‘ಆ-ಕೂ’ (ಸೋದರಮಾವ) ಯಾರು ಬೇಕಾದರೂ ಇರಬಹುದು. ಕನ್ನಡದಲ್ಲಿ ಮೂರಕ್ಕೂ ಪದ ಸಿದ್ಧವಿದೆ. ಕುಟುಂಬದ ಜಮೀನು ಹಂಚಿಕೆಯ ಮಾತು ಬಂದಾಗ ದೊಡ್ಡಪ್ಪನೋ ಸೋದರಮಾವನೋ ಅನ್ನುವುದರ ಮೇಲೆ ಇಡೀ ದೃಶ್ಯ ನಿಂತಿರುತ್ತದೆ. ಗೌರವಕ್ಕೆ ಊರಿನ ಹಿರಿಯರ ಹೆಸರಿಗೂ ‘ಪೆ’ ಹಚ್ಚುತ್ತಾರೆ, ಅಲ್ಲಿ ‘ದೊಡ್ಡಪ್ಪ’ ಬೇಡ, ಹೆಸರಿನ ಮುಂದೆ ‘ಅಜ್ಜ’ ಸಾಕು.

ಬೇಸಾಯದ ಚಿತ್ರಗಳಲ್ಲಿ ಕನ್ನಡ ಇನ್ನೂ ಗೆಲ್ಲುತ್ತದೆ. ಮ್ಯಾಂಡರಿನ್ನಿನಲ್ಲಿ ಗದ್ದೆಯಲ್ಲಿ ನಿಂತದ್ದು ‘ತಾವ್’, ಮೂಟೆಯಲ್ಲಿದ್ದದ್ದು ‘ಮಿ’, ಬಟ್ಟಲಲ್ಲಿರುವುದು ‘ಫಾನ್’. ನಮಗೆ ಭತ್ತ, ಅಕ್ಕಿ, ಅನ್ನ. ಇಂಗ್ಲಿಷಿನಲ್ಲಿ ಮೂರೂ ‘ರೈಸ್’. ತೈನಾನಿನ ಹೊವ್‌ಪಿ ಸೀಮೆಯ ಮುದಿ ರೈತರ ಬಗೆಗೆ 2005ರಲ್ಲಿ ಚಿತ್ರಮಂದಿರಕ್ಕೆ ಬಂದ ಸಾಕ್ಷ್ಯಚಿತ್ರದ ಹೆಸರು ‘ವೂ-ಮಿ-ಲ’. ಪದಕ್ಕೆ ಪದ ಹಿಡಿದರೆ ‘ಅಕ್ಕಿಯಿಲ್ಲದ ಆನಂದ’. ಇಂಗ್ಲಿಷ್ ಶೀರ್ಷಿಕೆ ‘ಲೆಟ್ ಇಟ್ ಬಿ’ ಆಗಿ ಅಕ್ಕಿಯೂ ಹೋಯಿತು, ಆನಂದವೂ ಹೋಯಿತು. ತೈವಾನ್ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ್ದು 2002ರ ಜನವರಿಯಲ್ಲಿ. ಆ ಹೊತ್ತಿನ ರೈತ ‘ಅಕ್ಕಿ ಇಲ್ಲ’ ಅನ್ನುವುದಕ್ಕೂ ‘ಭತ್ತಕ್ಕೆ ಬೆಲೆ ಇಲ್ಲ’ ಅನ್ನುವುದಕ್ಕೂ ವ್ಯತ್ಯಾಸ ಎಷ್ಟೆಂದು ಮಂಡ್ಯದ ಪ್ರೇಕ್ಷಕನಿಗೆ ಹೇಳಿಕೊಡಬೇಕಿಲ್ಲ. ಸಸಿಮಡಿ, ನಾಟಿ, ಬದು, ಕಳೆ, ಜೊಳ್ಳು: ಇವನ್ನೆಲ್ಲ ಧಾರಾಳವಾಗಿ ಬಳಸಿ.

ಸರ್ವನಾಮದಲ್ಲಿ ಮಾತ್ರ ಕನ್ನಡ ತೊಡಕು ಕೊಡುತ್ತದೆ. ಮಾತಿನಲ್ಲಿ ಮ್ಯಾಂಡರಿನ್ನಿನ ‘ತಾ’, ತೈವಾನಿಯ ‘ಈ’ ಎರಡಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ, ಬಹುವಚನದ ಮರ್ಯಾದೆಯೂ ಇಲ್ಲ. ನಮ್ಮ ಕ್ರಿಯಾಪದ ಎರಡನ್ನೂ ಕೇಳುತ್ತದೆ. 2017ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಟೆಡ್ಡಿ ಪ್ರಶಸ್ತಿ ಪಡೆದ, ಹುವಾಂಗ್ ಹುಯಿ-ಚೆನ್ ತನ್ನ ತಾಯಿಯ ಬಗೆಗೆ ಮಾಡಿದ ಚಿತ್ರದಂಥದ್ದನ್ನು ತೆಗೆದುಕೊಳ್ಳಿ. ತಾಯಿ ಹೆಂಗಸರನ್ನು ಪ್ರೀತಿಸಿದವಳು. ಸಂಗಾತಿಯ ಬಗ್ಗೆ ಮಾತು ಬಂದಾಗ ಅದು ಗಂಡೋ ಹೆಣ್ಣೋ ಎಂದು ಮಾತು ಬಿಟ್ಟುಕೊಡುವ ಮೊದಲೇ ‘ಅವಳು’ ಎಂದು ಬರೆದುಬಿಟ್ಟರೆ ದೃಶ್ಯದ ಗುಟ್ಟು ರಟ್ಟಾಗುತ್ತದೆ. ಇಂಥಲ್ಲಿ ‘ಅವರು’ ಉಪಕಾರಿ: ಗೌರವದ ನೆಪದಲ್ಲಿ ಲಿಂಗ ಮರೆಯಾಗುತ್ತದೆ. ಆದರೆ ಮಗಳು ತಾಯಿಗೆ ‘ನೀವು’ ಅನ್ನುವಂತೆ ಮಾಡಬೇಡಿ. ಒಂದೇ ಮನೆಯಲ್ಲಿ ಮಾತಿಲ್ಲದೆ ಬದುಕಿದವರ ನಡುವಿನ ದೂರ ಮೌನದಲ್ಲಿದೆ, ಬಹುವಚನದಲ್ಲಿ ಅಲ್ಲ.

ಇನ್ನು ಇತಿಹಾಸದ ಪದಗಳು. 1945ಕ್ಕೆ ಒಬ್ಬರು ‘ಕ್ವಾಂಗ್‌ಫು’ ಅನ್ನುತ್ತಾರೆ, ಅಂದರೆ ಕಳೆದ ನೆಲ ಮರಳಿ ಬಂದದ್ದು. ಇನ್ನೊಬ್ಬರು ‘ಯುದ್ಧ ಮುಗಿದದ್ದು’ ಅಷ್ಟೇ ಅನ್ನುತ್ತಾರೆ. ಎರಡಕ್ಕೂ ‘ಸ್ವಾತಂತ್ರ್ಯ ಬಂದಾಗ’ ಎಂದು ಹಾಕಿದರೆ ಹೇಳಿದವರ ರಾಜಕೀಯ ಅಳಿಸಿಹೋಗುತ್ತದೆ. ಮೂಲನಿವಾಸಿಗಳ ವಿಷಯದಲ್ಲೂ ಹಾಗೆ. 1994ರ ಸಂವಿಧಾನ ತಿದ್ದುಪಡಿಯವರೆಗೆ ಸರಕಾರಿ ಪದ ‘ಶಾನ್‌ಪಾವ್’, ಗುಡ್ಡಗಾಡಿನ ಬಂಧುಗಳು. ನಮ್ಮ ಸರಕಾರಿ ‘ಗಿರಿಜನ’ ಅದಕ್ಕೆ ತಕ್ಕ ಜೋಡಿ, ಅದೇ ಪೋಷಕನ ದನಿಯೊಂದಿಗೆ. ಆಮೇಲಿನ ‘ಯುವಾನ್‌ಚುಮಿನ್’ ಅವರೇ ಹೋರಾಡಿ ಪಡೆದ ಹೆಸರು, ಅದಕ್ಕೆ ‘ಮೂಲನಿವಾಸಿ’. 1980ರ ದಶಕದ ಸುದ್ದಿಚಿತ್ರದ ತುಣುಕಿನಲ್ಲಿ ‘ಮೂಲನಿವಾಸಿ’ ಎಂದು ಹಾಕಿದರೆ ಅದು ಸುಳ್ಳು. ಜಾಗದ ಹೆಸರೂ ಹಾಗೆಯೇ: 1930ರ ಅಕ್ಟೋಬರಿನಲ್ಲಿ ಸೀದಿಕ್ ಜನ ಜಪಾನಿಯರ ವಿರುದ್ಧ ದಂಗೆಯೆದ್ದ ಊರು ಮ್ಯಾಂಡರಿನ್ನಿನವರ ಬಾಯಲ್ಲಿ ವೂಶ, ಜಪಾನಿಯಲ್ಲಿ ಮುಶಾ. ಮಾತಾಡುವವರು ಹೇಳಿದ್ದನ್ನೇ ಬರೆದು, ಮೊದಲ ಸಲ ಮಾತ್ರ ಇನ್ನೊಂದನ್ನು ಆವರಣದಲ್ಲಿ ಕೊಡುತ್ತೇನೆ.

‘ರಾಷ್ಟ್ರಭಾಷೆ’ಯದು ಬೇರೆಯೇ ಪಂಚಾಯಿತಿ. ಆ ಪದವನ್ನು ಬರೆಯುವ ಅದೇ ಎರಡು ಚೀನೀ ಅಕ್ಷರಗಳು 1945ಕ್ಕೆ ಮುಂಚೆ ಜಪಾನಿಯನ್ನು ಸೂಚಿಸುತ್ತಿದ್ದವು, ಆಮೇಲೆ ಮ್ಯಾಂಡರಿನ್ನನ್ನು. ಅಜ್ಜಿ ‘ಶಾಲೆಯಲ್ಲಿ ರಾಷ್ಟ್ರಭಾಷೆ ಆಡದಿದ್ದರೆ ದಂಡ, ಕೊರಳಿಗೆ ಹಲಗೆ’ ಅಂದಾಗ ಯಾವ ಕಾಲ ಎಂದು ನೋಡಿಯೇ ಬರೆಯಬೇಕು. ಕನ್ನಡಿಗ ಪ್ರೇಕ್ಷಕನಿಗೆ ಆ ಪದ ಬೇರೆ ಏನನ್ನೋ ನೆನಪಿಸುತ್ತದೆ ಎಂಬುದು ಗೊತ್ತು. ಆದರೂ ಅದನ್ನೇ ಇಟ್ಟಿದ್ದೇನೆ.

ದಿನಾಂಕಗಳಲ್ಲಿ ಎಡವುವುದು ಸುಲಭ. ತೈವಾನಿನಲ್ಲಿ ಘಟನೆಗಳಿಗೆ ತಿಂಗಳು-ದಿನ ಸೇರಿಸಿ ಹೆಸರಿಡುತ್ತಾರೆ: 1947ರ ಹತ್ಯಾಕಾಂಡ ‘228’, 1999ರ ಸೆಪ್ಟೆಂಬರಿನ ಭೂಕಂಪ ‘921’, 1988ರ ಮೇ ತಿಂಗಳ ರೈತರ ಪ್ರತಿಭಟನೆ ‘520’. ಪರದೆಯ ಮೇಲೆ 228 ಕಂಡರೆ ನಮ್ಮವರು ‘ಇನ್ನೂರ ಇಪ್ಪತ್ತೆಂಟು’ ಎಂದು ಓದುತ್ತಾರೆ. ‘ಫೆಬ್ರವರಿ 28ರ ಘಟನೆ’ ಎಂದೇ ಬಿಡಿಸಿ ಬರೆಯಿರಿ. ಇಸವಿಗೆ ಸೂತ್ರವಿದೆ: ಮಿನ್‌ಕುವೊ (ಚೀನೀ ಗಣರಾಜ್ಯದ ಶಕೆ) ವರ್ಷಕ್ಕೆ 1911 ಕೂಡಿಸಿ, ಶೋವಾ (ಜಪಾನಿ ಚಕ್ರವರ್ತಿಯ ಶಕೆ) ವರ್ಷಕ್ಕೆ 1925. ‘36ನೇ ವರ್ಷ’ ಅಂದರೆ ಮಿನ್‌ಕುವೊದಲ್ಲಿ 1947. ‘ಶೋವಾ 5’ ಅಂದರೆ 1930. ಅಜ್ಜ ಬರೀ ‘ಹದಿನೆಂಟನೇ ವರ್ಷ’ ಅಂದರೆ ಶೋವಾ ಇದ್ದರೆ 1943, ಮಿನ್‌ಕುವೊ ಇದ್ದರೆ 1929. ಅವನ ವಯಸ್ಸು ನೋಡಿ ತೀರ್ಮಾನಿಸಬೇಕು.

ಹೆಸರುಗಳ ಉಚ್ಚಾರಣೆಗೆ ರೋಮನ್ ಕಾಗುಣಿತ ನಂಬಬೇಡಿ. ತೈವಾನಿಯಲ್ಲಿ ಕ, ಖ, ಗ ಮೂರೂ ಬೇರೆ ಬೇರೆ ದನಿಗಳು, ಪ, ಫ, ಬ ಕೂಡ. ಕನ್ನಡ ಲಿಪಿ ಇದಕ್ಕೆಂದೇ ಮಾಡಿದಂತಿದೆ. ಒಂದೇ ತೊಂದರೆ, ‘ಫ’ವನ್ನು ಈಗ ಎಲ್ಲರೂ ಫೋನಿನ ಫ ಮಾಡಿಕೊಂಡಿದ್ದಾರೆ. ಹಾಗಾಗಿ ತೈವಾನಿಯ ಮಹಾಪ್ರಾಣಕ್ಕೂ ‘ಪ’ವನ್ನೇ ಹಾಕಿ, ‘ಫ’ವನ್ನು ಮ್ಯಾಂಡರಿನ್ನಿಗೆ ಬಿಟ್ಟಿದ್ದೇನೆ. ತೈಪೆ, ಚಿಯಾಂಗ್ ಕೈ-ಶೆಕ್ ಮುಂತಾಗಿ ಪತ್ರಿಕೆಗಳಲ್ಲಿ ನೆಲೆಯಾದವನ್ನು ಮುಟ್ಟುವುದಿಲ್ಲ. ದಕ್ಷಿಣದ ಬಂದರು ‘ಕಾವೋಹ್ಸಿಯುಂಗ್’ ಅಲ್ಲ, ‘ಕಾವ್‌ಶ್ಯೋಂಗ್’.

ಈ ವ್ಯಂಜನಾಂತ ಹೆಸರುಗಳಿಗೆ ವಿಭಕ್ತಿ ಹಚ್ಚುವಾಗ ಒಂದು ಗುಂಡಿ ಇದೆ. ‘ಲುಕಾಂಗ್’ ಮತ್ತು ‘ನಲ್ಲಿ’ ನಡುವೆ ಕಾಣದ ಜೋಡಣೆತಡೆ ಸಂಕೇತ ಇಲ್ಲದಿದ್ದರೆ ‘ಲುಕಾಂಗ್ನಲ್ಲಿ’ ಆಗಿ ಗ-ಕಾರಕ್ಕೆ ನ-ಒತ್ತು ಬಂದು ಕೂರುತ್ತದೆ. ಸಂಕೇತ ಹಾಕಿದರೂ ಕೆಲವು ತಂತ್ರಾಂಶಗಳು ಫೈಲು ‘ಸ್ವಚ್ಛ’ ಮಾಡುವಾಗ ಅದನ್ನು ಕಿತ್ತು ಹಾಕುತ್ತವೆ. ಮದ್ದು ಹಳೆಯ ಕನ್ನಡದ್ದೇ: ‘ಲುಕಾಂಗಿನಲ್ಲಿ’, ‘ತೈನಾನಿನಿಂದ’. ಓದಲೂ ಚೆಂದ, ಒಡೆಯುವ ಭಯವೂ ಇಲ್ಲ.

ಅಳತೆಯನ್ನು ತಂತ್ರಾಂಶದ ಎಣಿಕೆಗೆ ಬಿಡಬೇಡಿ. ‘ರಾಷ್ಟ್ರೀಯ’ವನ್ನು ಅದು 9 ಎಂದು ಎಣಿಸುತ್ತದೆ, ಕಣ್ಣಿಗೆ ಅದು 3 ಅಕ್ಷರ. ನಾನು ಇಟ್ಟುಕೊಂಡ ಲೆಕ್ಕ: ಸಾಲಿಗೆ 22ರಿಂದ 24 ಅಕ್ಷರ, ಎರಡೇ ಸಾಲು, ಸೆಕೆಂಡಿಗೆ 8 ಅಕ್ಷರ, ತೀರಾ ಅವಸರದಲ್ಲಿ 9. ಯಾವ ಸಬ್‌ಟೈಟಲ್ಲೂ ಒಂದೂವರೆ ಸೆಕೆಂಡಿಗಿಂತ ಕಡಿಮೆ, 7 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಚೀನೀ ಸಾಲು 15-16 ಅಕ್ಷರದಲ್ಲಿ ಬಹಳ ಹೇಳಿಬಿಡುತ್ತದೆ, ಪೂರ್ಣವಿರಾಮವನ್ನೂ ಹಾಕುವುದಿಲ್ಲ. ಅವರ ಎರಡು ಸಾಲನ್ನು ಕೂಡಿಸಿ ನಮ್ಮ ಒಂದು ಮಾಡಬೇಕಾಗುತ್ತದೆ. ಸಮಾಧಾನದ ವಿಷಯವೆಂದರೆ ‘ನಿನ್ನೆ ಬಂದ’ ಅನ್ನುವಂಥ ವಿಶೇಷಣ ಚೀನೀಯಲ್ಲೂ ನಾಮಪದಕ್ಕಿಂತ ಮೊದಲೇ ಬರುತ್ತದೆ, ಜಪಾನಿಯಲ್ಲಿ ಕ್ರಿಯಾಪದ ನಮ್ಮಂತೆ ಕೊನೆಗೆ. ಚೀನೀ ಫೈಲಿನ ಕ್ರಮ ಹಿಡಿದರೆ ಮಾತು, ಮುಖ, ಅಕ್ಷರ ಒಟ್ಟಿಗೆ ಬರುತ್ತವೆ. ಇಂಗ್ಲಿಷಿನ ಕ್ರಮ ಹಿಡಿದರೆ ಸತ್ತವರ ಹೆಸರು ಹೇಳುವವರ ಬಾಯಿಗಿಂತ ಮೊದಲೇ ಪರದೆಗೆ ಬಂದಿರುತ್ತದೆ.

ಫ್ರೇಮು ದರ (ಸೆಕೆಂಡಿಗೆ ಎಷ್ಟು ಫ್ರೇಮು) ಕೇಳಿ ಖಚಿತ ಮಾಡಿಕೊಳ್ಳಿ. 23.976ಕ್ಕೆ ಮಾಡಿದ ಫೈಲು 25ರ ಪ್ರತಿಯ ಮೇಲೆ ಓಡಿದರೆ 90 ನಿಮಿಷದ ಕೊನೆಗೆ 3 ನಿಮಿಷ 41 ಸೆಕೆಂಡು ಹಿಂದೆ ಬಿದ್ದಿರುತ್ತದೆ. 1980-90ರ ದಶಕದ ಟೇಪಿನ ಚಿತ್ರಗಳು 29.97ರವು, ಅಲ್ಲಿ ಟೈಮ್‌ಕೋಡು ಡ್ರಾಪ್ ಫ್ರೇಮೋ (ಗಡಿಯಾರಕ್ಕೆ ಹೊಂದಿಸಲು ಕೆಲವು ಫ್ರೇಮು ಸಂಖ್ಯೆಗಳನ್ನು ಬಿಟ್ಟು ಎಣಿಸುವುದು) ಅಲ್ಲವೋ ತಿಳಿಯದಿದ್ದರೆ ಗಂಟೆಗೆ 3.6 ಸೆಕೆಂಡು ಜಾರುತ್ತದೆ. ಪೂರ್ತಿ ಫೈಲನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ, ಸಾಲು ಸಾಲಾಗಿ ತಳ್ಳುತ್ತ ಕೂರಬೇಡಿ.

ಪ್ರದರ್ಶನಕ್ಕೆ ಬೇರೆ ಸಬ್‌ಟೈಟಲ್ ಫೈಲು ಕೊಡುವುದನ್ನು ಬಿಟ್ಟಿದ್ದೇನೆ. ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟು ಇಲ್ಲದೆ ಚೌಕಗಳು ಬರುವುದು, ಒತ್ತಕ್ಷರ ಪಕ್ಕಕ್ಕೆ ಸರಿದು ನಿಲ್ಲುವುದು ಎಷ್ಟೋ ಸಲ ಆಗುತ್ತದೆ. ಚಿತ್ರಕ್ಕೇ ಸುಟ್ಟುಬಿಡುವುದು ಕ್ಷೇಮ. ನೋಟೊ ಸಾನ್ಸ್ ಕನ್ನಡದ ಮಧ್ಯಮ ದಪ್ಪ, 1080ರ ಚಿತ್ರಕ್ಕೆ ಗಾತ್ರ 58ರ ಆಸುಪಾಸು, ಸುತ್ತಂಚು 2 ಪಿಕ್ಸೆಲ್. ಅಂಚು 4ಕ್ಕೆ ಏರಿದರೆ ‘ಧ’ ಮತ್ತು ‘ಭ’ದ ಕೆಳಗಿನ ಸೀಳು ಮುಚ್ಚಿಹೋಗಿ ಹಿಂದಿನ ಸಾಲಿನವರಿಗೆ ‘ಭತ್ತ’ ‘ಬತ್ತ’ವಾಗಿ ಕಾಣುತ್ತದೆ. ಎರಡು ಸಾಲಿನ ನಡುವಿನ ಅಂತರವನ್ನು ಫಾಂಟಿಗೆ ಬಿಟ್ಟರೆ ಅತಿಯಾಗುತ್ತದೆ, ಪರದೆಯಲ್ಲಿ ಮಾತಾಡುವವರ ಹೆಸರು ತೋರಿಸುವ ಪಟ್ಟಿಯ ಮೇಲೆ ಹತ್ತುತ್ತದೆ. ಅಂಥ ಕಡೆ ಎರಡು ಸಾಲನ್ನೂ ಬೇರೆ ಬೇರೆಯಾಗಿ ಸ್ಥಾನ ಕೊಟ್ಟು ಕೂರಿಸುತ್ತೇನೆ.

ಸುಡುವ ಮುನ್ನ ಒಂದು ನಿಮಿಷದ ತುಣುಕು ಮಾಡಿ ಸಭಾಂಗಣದ ಪರದೆಯಲ್ಲೇ ಹಾಕಿ, ಕಟ್ಟಕಡೆಯ ಸಾಲಿನಲ್ಲಿ ಕೂತು ಓದುತ್ತೇನೆ. ತುಣುಕಿನಲ್ಲಿ ‘ರಾಷ್ಟ್ರಭಾಷೆ’ ಇರುವ ಸಾಲೊಂದು, ‘ಭತ್ತ’ ಇರುವ ಸಾಲೊಂದು, ಹಿಮದಂಥ ಬಿಳಿ ಆಕಾಶದ ಮೇಲೆ ಬೀಳುವ ಸಾಲೊಂದು ಇರಬೇಕು. ಪಕ್ಕದಲ್ಲಿ ಚಿತ್ರ ನೋಡಿರದ ಯಾರನ್ನಾದರೂ ಕೂರಿಸಿಕೊಂಡು ಜೋರಾಗಿ ಓದಿಸಿ. ಅವರು ತಡವರಿಸಿದ ಜಾಗದಲ್ಲಿ ಎರಡು ಪದ ಕಡಿಮೆ ಮಾಡಿ.